ಹಕ್ಕಿಗಂಟು

ಬೇರೆ ಊರುಗಳಲ್ಲಿ ಮದುವೆಯ ಗಂಟು ಹಾಕುವವನು ಬ್ರಹ್ಮನಂತೆ. ನಮ್ಮೂರಿನಲ್ಲಿ ಬ್ರಹ್ಮನಿಗೆ ಆ ಕೆಲಸವಿಲ್ಲ, ಅದು ಪೇಟದ ಹಕ್ಕಿಯದು. ತಲೆಯ ಮೇಲೆ ಮದುಮಗನ ಪೇಟದಂಥ ಕಪ್ಪು, ಹಳದಿ ಕೊಕ್ಕು, ಸೀಳಿದ ಬಾಲ, ಉಳಿದದ್ದೆಲ್ಲ ಬಿಳಿ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಹಕ್ಕಿ, ಗಂಟಲು ಮಾತ್ರ ಮೀನು ಮಾರುವ ಹೆಂಗಸಿನದು. ಮೀನು ಮಾರುವ ಹೆಂಗಸು ನಾನೇ ಆದ್ದರಿಂದ ಹಾಗೆ ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿಯುವಾಗ ಈ ಹಕ್ಕಿಗಳು ಕಡಲ ಕಡೆಯಿಂದ ಬಂದು ನಮ್ಮ ದಡದ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಆ ವರ್ಷ ಎಷ್ಟು ಗೂಡೋ ಅಷ್ಟು ಮದುವೆ. ಅದಕ್ಕಿಂತ ಒಂದು ತಾಳಿ ಹೆಚ್ಚು ಕಟ್ಟಿದರೂ ಅದರ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬಿಚ್ಚದ ಹಾಗೆ ಮಾಡಲು ಜನ ಏನೇನು ಪಾಡುಪಟ್ಟಿಲ್ಲ! ಬಲೆ ಹೆಣೆಯುವವರು ಬಲೆಯ ಗಂಟು ಹಾಕಿ ನೋಡಿದರು. ದೋಣಿಯವರು ಲಂಗರಿನ ಹಗ್ಗದ ಗಂಟು ಹಾಕಿ ನೋಡಿದರು. ಒಬ್ಬನಂತೂ ದಾರದ ಸಹವಾಸವೇ ಬೇಡವೆಂದು ಅಕ್ಕಸಾಲಿಯಿಂದ ಸರಪಳಿ ಮಾಡಿಸಿ ಬೆಸುಗೆ ಹಾಕಿಸಿದ. ಹೆಣ್ಣು ಸೀನಿದಳು, ಸರಪಳಿ ಪಾಯಸದ ಬಟ್ಟಲಿಗೆ ಬಿತ್ತು. ಘಟ್ಟ ಹತ್ತಿ ಹೋಗಿ ಮೂವರು ಪುರೋಹಿತರಿಂದ ಮಂತ್ರ ಹೇಳಿಸಿ ಕಟ್ಟಿಸಿಕೊಂಡ ಜೋಡಿಯೂ ಇತ್ತು. ಅವರು ಬಸ್ಸಿಳಿಯುವಾಗ ತಾಳಿ ಮದುಮಗನ ಕಿಸೆಯಲ್ಲಿತ್ತು. 'ಕಟ್ಟಿಕೊಂಡವಳು ಕಡೇ ತನಕ' ಎಂಬ ಗಾದೆ ನಮ್ಮೂರಿನಲ್ಲಿ ಹಕ್ಕಿಯ ಒಪ್ಪಿಗೆಯಿಲ್ಲದೆ ನಡೆಯುವುದಿಲ್ಲ.

ಗೂಡು ಸಿಕ್ಕಿದ ಮಾತ್ರಕ್ಕೆ ಮುಗಿಯಲಿಲ್ಲ. ಮೊಟ್ಟೆ ಒಡೆದು, ಒಂದು ಮರಿಯಾದರೂ ರೆಕ್ಕೆ ಬಲಿತು ಹಾರುವ ತನಕ ಗಂಟು ಹಸಿ. ಅಲ್ಲಿಯವರೆಗೆ ಹೆಣ್ಣು ತವರಲ್ಲೇ ಇರಬೇಕು. ಮರಿ ಹಾರಿದ ಮೇಲೆ ಬಲಿತ ಗಂಟು, ಅದನ್ನು ಆನೆ ಎಳೆದರೂ ಬಿಚ್ಚದು. ನಡುವೆ ಕಾಗೆ ಮೊಟ್ಟೆ ಒಯ್ದು ಗೂಡು ಹಾಳಾಯಿತೋ, ತಾಳಿ ಕೈಗೆ ಬಂತು.

ನನ್ನ ಅಜ್ಜಿಯ ಕಾಲದಲ್ಲಿ ಹಕ್ಕಿಗಳು ಎದ್ದರೆ ದಡದ ಮೇಲೆ ನೆರಳು ಬೀಳುತ್ತಿತ್ತಂತೆ, ಅಡುಗೆಯವರು ಒಂದು ಮದುವೆಯ ಸಾರಿಗೆ ಹಾಕಬೇಕಾದ ಉಪ್ಪನ್ನು ಇನ್ನೊಂದಕ್ಕೆ ಹಾಕುತ್ತಿದ್ದರಂತೆ. ನನ್ನ ಕಾಲಕ್ಕೆ ಗೂಡುಗಳು ಬೆರಳ ಲೆಕ್ಕಕ್ಕೆ ಇಳಿದವು, ಆಮೇಲೆ ಬೆರಳೂ ಬೇಕಾಗಲಿಲ್ಲ. ಕಲ್ಯಾಣಮಂಟಪದಲ್ಲಿ ಮೀನು ಒಣಹಾಕಿದರು. ಓಲಗದವರು ಐಸು ಮಾರಲು ಹೋದರು. ನಿಶ್ಚಯವಾದ ಜೋಡಿಗಳೆಲ್ಲ ಸರದಿಯಲ್ಲಿ ನಿಂತವು. ನಾನು ಆ ಸರದಿಯಲ್ಲಿ ಎರಡನೆಯವಳು. ನನಗೆ ಗೊತ್ತಾದವನು ವಾಮನ, ದೋಣಿಗಳಿಗೆ ಐಸು ಹೊರುವವನು. ಹೆಸರಿಗೆ ವಾಮನನಾದರೂ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಗಂಡುಹಕ್ಕಿ ಹೆಣ್ಣಿನ ಮುಂದೆ ಮೀನು ಹಿಡಿದು ನಿಲ್ಲುತ್ತದಲ್ಲ, ಹಾಗೆ ನಮ್ಮೂರ ಗಂಡು ಪ್ರತಿವರ್ಷ ಹಕ್ಕಿ ಬರುವ ಮೊದಲು ಹೆಣ್ಣಿನ ಮನೆಗೆ ಒಂದು ಬೂತಾಯಿ ಮೀನು ತಂದು ಕೊಡಬೇಕು. ಹೆಣ್ಣು ತೆಗೆದುಕೊಂಡರೆ ಇನ್ನೊಂದು ವರ್ಷ ಕಾಯಲು ಒಪ್ಪಿದಳು ಎಂದರ್ಥ. ವಾಮನ ಎಷ್ಟೋ ಬೂತಾಯಿ ತಂದ, ನಾನು ಎಷ್ಟೋ ಬೂತಾಯಿ ಹುರಿದು ತಿಂದೆ.

ಸರದಿಯಲ್ಲಿ ಮೊದಲನೆಯವಳು ನನ್ನ ಬಾಗಿ ಚಿಕ್ಕಮ್ಮ, ಅಮ್ಮನ ತಂಗಿ. ಅವಳಿಗೆ ಗೊತ್ತಾದ ಸೋಮ ಮಾಮ ಎದುರು ಮನೆಯ ಜಗಲಿಯಲ್ಲಿ ಕೂತು ಬಲೆ ಹೊಲಿಯುವ ಮನುಷ್ಯ. ನಡುವೆ ಒಂದು ಓಣಿ. ಆ ಓಣಿ ದಾಟಲು ಅವರಿಗೆ ಇಪ್ಪತ್ತು ವರ್ಷ ಸಾಲಲಿಲ್ಲ. ಚಿಕ್ಕಮ್ಮನ ಕುತ್ತಿಗೆಗೆ ಮೂರು ಸಲ ತಾಳಿ ಬಿದ್ದು ಮೂರು ಸಲ ಬಿಚ್ಚಿಕೊಂಡಿದೆ. ಮೂರನೆಯ ಸಲ ಅವಳು ಬಂಗುಡೆ ಹೆಚ್ಚುತ್ತಿದ್ದಳು, ದಾರ ಜಾರಿ ಮೀನಿನ ಬುಟ್ಟಿಗೆ ಬಿತ್ತು. ಅವಳು ಅದನ್ನು ಎತ್ತಿ ತೊಳೆದು, ಮಡಿಸಿ ಇಟ್ಟು, ಉಳಿದ ಬಂಗುಡೆ ಹೆಚ್ಚಿದಳು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಗುಡಿಸುವ ವಿಷಯ. ನಮ್ಮ ದಡ ಮನೆಮನೆಗೆ ಪಾಲಾಗಿದೆ. ಹಕ್ಕಿ ಬರುವ ಮೊದಲು ಪ್ರತಿ ಮನೆಯವರೂ ತಮ್ಮ ಪಾಲನ್ನು ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಗುಡಿಸಬೇಕು. ಮದುವೆ ಮಾಡಿಸಲು ಬರುವ ಅತಿಥಿಗೆ ಕಸದಲ್ಲಿ ಕೂರು ಎನ್ನಲಾದೀತೇ? ಒಡೆದ ಚಿಪ್ಪು, ಒಣಗಿದ ಪಾಚಿ, ಕಲ್ಲುಚೂರು ಎಲ್ಲ ಬಳಿದು ಬುಟ್ಟಿಗೆ ತುಂಬುವುದು, ಚಿಪ್ಪನ್ನು ಸುಣ್ಣ ಸುಡುವ ಗೂಡಿಗೆ ಹೊರುವುದು, ಸುಟ್ಟ ಸುಣ್ಣವನ್ನು ಮನೆಗಳಿಗೆ ಬಳಿಯುವುದು. ಊರು ಬೆಳ್ಳಗೆ, ದಡ ನುಣ್ಣಗೆ. ಹಕ್ಕಿ ಕಡಿಮೆಯಾದಾಗ ನಮ್ಮ ಗುಡಿಸುವಿಕೆಯಲ್ಲೇ ಕೊರತೆಯಿದೆ ಎಂದು ಹಿರಿಯರು ಎರಡು ಸಲ ಗುಡಿಸಲು ಹೇಳಿದರು. ಇನ್ನೂ ಕಡಿಮೆಯಾದಾಗ ಮೂರು ಸಲ. ಗುರಿಕಾರ ಕೋಟಿಯಣ್ಣ, ಅಂದರೆ ದಡದ ಯಜಮಾನ, ತಾನೇ ಮೊಣಕಾಲೂರಿ ಮರಳಿಗೆ ಕೆನ್ನೆ ಹಚ್ಚಿ, ಒಂದು ಚಿಪ್ಪಿನ ಚೂರು ಕಂಡರೂ ಆ ಮನೆಯವರ ಮಾನ ಹರಾಜು ಹಾಕುತ್ತಿದ್ದ. ಎಲ್ಲರಿಗಿಂತ ಚೆನ್ನಾಗಿ ಗುಡಿಸುವವಳು ಬಾಗಿ ಚಿಕ್ಕಮ್ಮ. ಅವಳ ಪಾಲಿನಲ್ಲಿ ಅನ್ನ ಬಡಿಸಿ ಉಣ್ಣಬಹುದಿತ್ತು.

ಈ ವರ್ಷ ಗುಡಿಸುವ ದಿನ ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಹಿಡಿಸೂಡಿ ಹಿಡಿದು ದಡಕ್ಕೆ ಇಳಿದಿದ್ದೆವು. ಅವಳು ತಲೆಯೆತ್ತದೆ ಹೇಳಿದಳು, "ಜಲಜಾ, ಈ ಸಲ ಗೂಡು ಬಂದ್ರೆ ನಿಂಗೇ. ಗುರಿಕಾರರಿಗೆ ನಿನ್ನೆಯೇ ಹೇಳಿ ಆಯ್ತು."

"ಎಂತ ಹೇಳ್ತೀರಿ ಚಿಕ್ಕಮ್ಮ? ಸರದಿ ನಿಮ್ದು."

"ಸಾಕು ಮಾರಾಯ್ತಿ. ನಾಲ್ಕನೇ ಸಲ ಬಿಚ್ಚುದನ್ನು ನೋಡ್ಲಿಕ್ಕೆ ನಂಗೆ ಆಗುದಿಲ್ಲ. ಸೋಮನ ಹತ್ರವೂ ಹೇಳಿದ್ದೇನೆ, ಈ ವರ್ಷ ಬೂತಾಯಿ ತರುದು ಬೇಡ ಅಂತ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರ ಮೇಲೆ ಎಂದು ಗೊತ್ತಿಲ್ಲದೆ ಸಿಟ್ಟು ಬಂತು, ಕೊನೆಗೆ ಹಕ್ಕಿಯ ಮೇಲೆಯೇ ಬಂತು. ಇಷ್ಟು ವರ್ಷ ಇವಳು ಬೆನ್ನು ಮುರಿದು ಗುಡಿಸಿದ ನೆಲದ ಮೇಲೆ ಕೂತು, ಮರಿ ಮಾಡದೆ ಹೋಗಲು ಅದಕ್ಕೇನು ಕೊಬ್ಬು! ಹಿಡಿಸೂಡಿಯನ್ನು ಕಡಲಿಗೆ ಎಸೆದೆ. "ಬರುದಾದ್ರೆ ಕಸದಲ್ಲೇ ಬರ್ಲಿ! ನಾನು ಗುಡಿಸುದಿಲ್ಲ!" ಎಂದು ಕೂಗಿ ಮನೆಗೆ ಬಂದೆ. ಕೋಟಿಯಣ್ಣ ಬಾಗಿಲಿಗೆ ಬಂದು ಬೈದ, ಅಮ್ಮ ಅತ್ತಳು, ವಾಮನ ಬೂತಾಯಿ ಹಿಡಿದು ಬಂದು ಅಲ್ಲೇ ಇಟ್ಟು ಹೋದ. ನಾನು ಗುಡಿಸಲಿಲ್ಲ. ಎಡಬಲಕ್ಕೆ ಬೆಳ್ಳಗೆ ಹೊಳೆಯುವ ಮರಳು, ನಡುವೆ ನನ್ನ ಪಾಲು ಮಾತ್ರ ಚಿಪ್ಪು, ಪಾಚಿ, ಹರಿದ ಬಲೆಯ ತುಂಡು, ತೆಂಗಿನ ಗರಟೆ ಎಲ್ಲ ಬಿದ್ದುಕೊಂಡು ಸಂತೆ ಮುಗಿದ ಮೈದಾನವಾಗಿತ್ತು.

ಹಕ್ಕಿಗಳು ಬಂದವು. ಏಳೋ ಎಂಟೋ ಇದ್ದವು. ಊರೆಲ್ಲ ಜಗಲಿಯ ಮೇಲೆ ಉಸಿರು ಹಿಡಿದು ಕೂತಿತು. ಅವು ಚಿಕ್ಕಮ್ಮನ ಪಾಲಿನ ಮೇಲೆ ಒಂದು ಸುತ್ತು ಹಾಕಿದವು, ಕೋಟಿಯಣ್ಣನ ಪಾಲಿನ ಮೇಲೆ ಸುತ್ತಿದವು, ಇಳಿಯಲಿಲ್ಲ. ಆಮೇಲೆ ಹೆಚ್ಚಿನವು ಕಡಲ ಕಡೆಗೆ ತಿರುಗಿ ಹೊರಟೇ ಹೋದವು. ಒಂದು ಜೋಡಿ ಉಳಿಯಿತು. ಗಂಡು ಬಾಯಲ್ಲಿ ಬೆರಳುದ್ದದ ಮೀನು ಹಿಡಿದು ಹೆಣ್ಣಿನ ಮುಂದೆ ಕತ್ತು ನೀಳ ಮಾಡಿ ನಡೆಯಿತು. ಎಲ್ಲಿ? ನನ್ನ ಪಾಲಿನ ಗಲೀಜಿನಲ್ಲಿ! ಹೆಣ್ಣು ಮುಖ ತಿರುಗಿಸಿತು. ಗಂಡು ಸುತ್ತಿ ಬಂದು ಮತ್ತೆ ಹಿಡಿಯಿತು. ಹೆಣ್ಣು ಮತ್ತೆ ತಿರುಗಿತು. "ತೆಗೊಳ್ಳೇ ತಾಯಿ, ತೆಗೊಳ್ಳೇ!" ಎಂದು ನಾನು ಸೆರಗು ಕಚ್ಚಿಕೊಂಡು ಕುಣಿಯುತ್ತಿದ್ದೆ. ತೆಗೆದುಕೊಂಡಿತು! ಗಬಕ್ಕನೆ ನುಂಗಿ, ಒಡೆದ ಚಿಪ್ಪುಗಳ ನಡುವೆ ಎದೆಯೂರಿ ಗಿರಗಿರ ತಿರುಗಿ ಮರಳಿನಲ್ಲಿ ಒಂದು ಕುಳಿ ಮಾಡಿ ಕೂತಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಈ ಹಕ್ಕಿ ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಿಬಿಟ್ಟಿತು.

"ಚಿಕ್ಕಮ್ಮಾ, ಕೂತಿತು! ಕೂತಿತು!" ಎಂದು ಓಣಿಯಲ್ಲಿ ಓಡಿದೆ. ಮೂರು ದಿನ ಬಿಟ್ಟು ಹಕ್ಕಿ ಎದ್ದುಹೋದ ಹೊತ್ತಿನಲ್ಲಿ ಮೊಟ್ಟೆ ನೋಡಲು ನಾನೊಬ್ಬಳೇ ಮೆಲ್ಲಗೆ ಹೋದೆ. ಇಲ್ಲ! ಕಾಗೆ ಒಯ್ದಿತೆಂದು ತಿರುಗಬೇಕು, ಆಗ ಕಾಲಬುಡದಲ್ಲೇ ಎರಡು ಚಿಪ್ಪುಗಳು ಯಾಕೋ ಹೆಚ್ಚು ದುಂಡಗೆ ಕಂಡವು. ಚಿಪ್ಪಲ್ಲ, ಮೊಟ್ಟೆ. ಮರಳಿನ ಬಣ್ಣ, ಮೇಲೆ ಕಂದು ಚುಕ್ಕಿ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಮದುವೆಯನ್ನು ನಾನೇ ತುಳಿಯುತ್ತಿದ್ದೆ. ಬೆವರೊರೆಸಿಕೊಳ್ಳುತ್ತಾ ಹಿಂದೆ ಸರಿದು ನೋಡಿದೆ, ಮತ್ತೆ ಕಾಣಿಸಲಿಲ್ಲ. ಇದ್ದ ಜಾಗ ಗೊತ್ತಿದ್ದೂ ಕಾಣಿಸಲಿಲ್ಲ.

ಆಗಲೇ ಓಣಿಯ ಬಾಯಿಂದ ಗಲಾಟೆ ಕೇಳಿತು. ಊರಿಗೆ ಊರೇ ಹಿಡಿಸೂಡಿ ಹಿಡಿದು ಬರುತ್ತಿತ್ತು. ಮುಂದೆ ಕೋಟಿಯಣ್ಣ, ಅವನ ಹಿಂದೆ ಹೊಸ ಹಿಡಿಸೂಡಿ ಹಿಡಿದ ಬಾಗಿ ಚಿಕ್ಕಮ್ಮ.

"ಜಲಜಾ, ಆಚೆ ನಿಲ್ಲು. ಮದುವೆ ಗೂಡು ಕಸದಲ್ಲಿ ಇರುದಾ? ಹಕ್ಕಿಗೆ ಅವಮಾನ. ಗೂಡು ಮುಟ್ಟದೆ ಸುತ್ತ ಗುಡಿಸಿ ಬಿಡ್ತೇವೆ" ಎಂದ ಕೋಟಿಯಣ್ಣ.

"ನಿಂಗೋಸ್ಕರ ಮಗಾ, ನಾನೇ ಗುಡಿಸ್ತೇನೆ" ಎಂದಳು ಚಿಕ್ಕಮ್ಮ. ಅವಳ ಮುಖದಲ್ಲಿ ನಿಜವಾದ ಖುಷಿ ಇತ್ತು.

ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ. ಯಾಕೆ ನಿಂತೆನೆಂದು ಆ ಗಳಿಗೆಯಲ್ಲಿ ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಕೋಟಿಯಣ್ಣ, ಮೊಟ್ಟೆ ಎಲ್ಲುಂಟು ಹೇಳಿ ನೋಡುವ."

ಅವನು ಕಣ್ಣು ಕಿರಿದು ಮಾಡಿದ. ಎಲ್ಲರೂ ಕತ್ತು ಚಾಚಿದರು. ಮರಳಿನಲ್ಲಿ ಸಾಸಿವೆ ಬಿದ್ದರೂ ಹೆಕ್ಕುವ ಕೋಟಿಯಣ್ಣನ ಕಣ್ಣಿಗೆ ಮೊಟ್ಟೆ ಬೀಳಲಿಲ್ಲ. "ಇಲ್ಲವಲ್ಲ!" ಎಂದ.

"ಉಂಟು. ನಿಮ್ಮ ಎದುರೇ ಉಂಟು. ನಿಮಗೇ ಕಾಣುದಿಲ್ಲ ಅಂದ್ರೆ ಕಾಗೆಗೆ ಹೇಗೆ ಕಾಣ್ತದೆ? ಈಗ ಗುಡಿಸಿದ ಮರಳನ್ನು ನೋಡಿ. ಅಲ್ಲಿ ಎರಡು ಮೊಟ್ಟೆ ಇಟ್ರೆ ಹೇಗೆ ಕಾಣ್ತದೆ? ಬೆಳಗಿದ ತಟ್ಟೆಯಲ್ಲಿ ಉಂಡೆ ಇಟ್ಟ ಹಾಗೆ! ನಾವು ವರ್ಷ ವರ್ಷ ತಟ್ಟೆ ತೊಳೆದು ಕಾಗೆಗೆ ಬಡಿಸ್ತಾ ಇದ್ದದ್ದು!"

ಹೇಳಿ ಮುಗಿಸಿದ ಮೇಲೆಯೇ ನಾನು ಹೇಳಿದ್ದೇನೆಂದು ನನಗೆ ತಿಳಿದದ್ದು. ಎಲ್ಲರ ಕಣ್ಣೂ ಚಿಕ್ಕಮ್ಮನ ಕಡೆ ತಿರುಗಿದವು. ಯಾಕೆಂದರೆ ಅವಳ ಮೂರು ಗೂಡುಗಳೂ ಅವಳದೇ ಪಾಲಿನಲ್ಲಿ ಆಗಿದ್ದವು. ಮೂರು ಸಲವೂ ಗೂಡಿನ ಸುತ್ತ ಅವಳೇ ಗುಡಿಸಿದ್ದಳು, ಬೇರೆ ಯಾರಿಗೂ ಬಿಟ್ಟಿರಲಿಲ್ಲ, ತನ್ನ ಮದುವೆ ಎಂದು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಅದು ನಗುವ ಮಾತು. ಆವತ್ತು ಯಾರಿಗೂ ನಗು ಬರಲಿಲ್ಲ. ನನ್ನ ನಾಲಗೆ ಸೀಳಿಹೋಗಬಾರದೇ ಎನ್ನಿಸಿತು.

ಚಿಕ್ಕಮ್ಮ ನನ್ನ ಪಾಲು ನೋಡಿದಳು, ತನ್ನ ಪಾಲು ನೋಡಿದಳು. ಆಮೇಲೆ ಮರಳಿನಲ್ಲಿ ಕೂತು, ಹಿಡಿಸೂಡಿಯನ್ನು ಮಡಿಲಲ್ಲಿಟ್ಟು, ಅದರ ಬುಡಕ್ಕೆ ಬಿಗಿದ ಹಗ್ಗದ ಗಂಟನ್ನು ಬಿಚ್ಚತೊಡಗಿದಳು. ಅದು ಅವಳೇ ಹಾಕಿದ ಗಂಟು, ಬೇಗ ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಕಡ್ಡಿಗಳು ಸಡಿಲಾಗಿ ಮಡಿಲಿಂದ ಮರಳಿಗೆ ಜಾರಿದವು. ಅವಳು ಅವನ್ನು ಹಿಡಿಹಿಡಿಯಾಗಿ ತನ್ನ ನುಣುಪು ಪಾಲಿನ ಮೇಲೆ ಎರಚಿದಳು.

"ನೋಡ್ತಾ ನಿಂತದ್ದು ಎಂತ?" ಎಂದು ಊರಿಗೇ ಗದರಿದಳು. "ನಿಮ್ಮದನ್ನೂ ಬಿಚ್ಚಿ!"

ಪಟಪಟನೆ ಹಿಡಿಸೂಡಿಗಳು ಬಿಚ್ಚಿಕೊಂಡವು. ನಾನು ಅವಳ ಪಕ್ಕ ಕೂತು, "ಚಿಕ್ಕಮ್ಮ, ಈ ಗೂಡು ನಿಮ್ದೇ" ಎಂದೆ.

"ನಿನ್ನ ಗಲೀಜಿಗೆ ಬಂದದ್ದು, ನಿನ್ದು."

"ನಂಗೆ ಬೇಡ!"

"ನಂಗೂ ಬೇಡ!"

ನಾವಿಬ್ಬರೂ ಮೀನು ಮಾರುವವರೇ, ದನಿ ಏರಿತು. ಕೋಟಿಯಣ್ಣ ಮಧ್ಯೆ ಬಾಯಿ ಹಾಕಲು ಬಂದು ಎರಡೂ ಕಡೆಯಿಂದ ಬೈಗುಳ ತಿಂದ. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಸೋಮ ಮಾಮ ಬರುತ್ತಿದ್ದ. ಸುಲಭಕ್ಕೆ ಜಗಲಿ ಬಿಟ್ಟಿಳಿಯದ ಮನುಷ್ಯ, ಕೈಯಲ್ಲಿ ಒಂದು ಬೂತಾಯಿ. ಬೇಡವೆಂದಿದ್ದರೂ ತಂದಿದ್ದ. ಚಿಕ್ಕಮ್ಮನ ಮುಂದೆ ನಿಂತು ಹಿಡಿದ. ಅವಳು ಮುಖ ತಿರುಗಿಸಿದಳು. ಅವನು ಈಚೆ ಸುತ್ತಿ ಬಂದು ಮತ್ತೆ ಹಿಡಿದ.

"ಬೇಡ ಅಂದಿದ್ದೆನಲ್ಲ ನಿಂಗೆ" ಎಂದಳು.

"ತಿನ್ನುದಾದ್ರೆ ತಿನ್ನು, ಇಲ್ಲಾಂದ್ರೆ ಸುಮ್ನೆ ಇಟ್ಕೋ" ಎಂದ ಸೋಮ ಮಾಮ. ಅಷ್ಟು ಉದ್ದದ ಮಾತನ್ನು ಅವನ ಬಾಯಿಂದ ನಾವು ಅದೇ ಮೊದಲು ಕೇಳಿದ್ದು. ಚಿಕ್ಕಮ್ಮ ಕೈ ಚಾಚಿದಳು. ನಾನು ಓ ಎಂದು ಕಿರುಚಲು ಹೋಗಿ, ಹಕ್ಕಿ ಹೆದರೀತೆಂದು ಬಾಯಿಗೆ ಸೆರಗು ತುರುಕಿಕೊಂಡೆ.

ಮದುವೆ ಪಿಸುಮಾತಿನಲ್ಲಿ ನಡೆಯಿತು. ಓಲಗದವರು ಐಸಿನ ಗಾಡಿ ಬಿಟ್ಟು ಓಡಿ ಬಂದರು. ಸದ್ದು ಮಾಡಬಾರದೆಂದದ್ದಕ್ಕೆ ಊದದೆ ಕೆನ್ನೆ ಮಾತ್ರ ಉಬ್ಬಿಸಿದರು, ಡೋಲಿನವನು ಚರ್ಮಕ್ಕೆ ಬೆರಳು ತಾಗಿಸದೆ ಗಾಳಿಯಲ್ಲಿ ಬಾರಿಸಿದ. ಸೋಮ ಮಾಮ ನಾಲ್ಕನೇ ಸಲ ಅದೇ ದಾರ ಕಟ್ಟಿದ. ಹಸಿ ಗಂಟು.

ಇನ್ನು ಮರುದಿನದಿಂದ ಊರಿನ ಸಡಗರ ಕೇಳಬೇಡಿ! ಸುಣ್ಣದ ಗೂಡಿನ ಬಳಿ ಸುಡಲು ರಾಶಿ ಹಾಕಿದ್ದ ಚಿಪ್ಪನ್ನೆಲ್ಲ ಬುಟ್ಟಿ ಬುಟ್ಟಿ ಹೊತ್ತು ದಡಕ್ಕೆ ವಾಪಸು ತಂದರು. ವಾಮನ ಒಂದು ಸಲಕ್ಕೆ ಮೂರು ಬುಟ್ಟಿ ಹೊರುತ್ತಿದ್ದ. ನಾನು ಮೀನು ಮಾರಿ ಬಂದು ನೋಡುತ್ತೇನೆ, ನಮ್ಮ ಹೆಂಗಸರು ಚಿಪ್ಪಿನಲ್ಲಿ ರಂಗೋಲಿ ಇಟ್ಟಿದ್ದಾರೆ! ಒಂದು ಪಾಲಿನಲ್ಲಿ ಎಂಟು ದಳದ ಕಮಲ, ಇನ್ನೊಂದರಲ್ಲಿ ಶಂಖಚಕ್ರ. ಕೋಟಿಯಣ್ಣನಂತೂ ತನ್ನ ಪಾಲಿಗೆ ಹಗ್ಗ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. "ಅಯ್ಯೋ ದೇವರೇ, ಕೆಡಿಸಿ! ಕೆಡಿಸಿ!" ಎಂದು ಎಲ್ಲ ಪಾಲುಗಳಲ್ಲೂ ಕಾಲಾಡಿಸಿ ಕೆದರಿದೆ. ಗುಡಿಸಲು ಕಲಿತ ಕೈಗೆ ಎರಚಲು ಕಲಿಸುವುದು ಬಲು ಕಷ್ಟದ ಕೆಲಸ.

ನಾವು ದೂರದಿಂದಲೇ ನೋಡುತ್ತಿದ್ದೆವು. ಗಂಡೂ ಹೆಣ್ಣೂ ಸರದಿಯಲ್ಲಿ ಕಾವು ಕೂರುತ್ತಿದ್ದವು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹಕ್ಕಿ ನೀರಿಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತಿತ್ತು. ಅದು ಎದ್ದಷ್ಟು ಹೊತ್ತು ಚಿಕ್ಕಮ್ಮನ ಕೈ ಕುತ್ತಿಗೆಯ ಹಿಂದೆ ಗಂಟಿನ ಮೇಲೆ. ಒಂದು ದಿನ ಎರಡು ಕಾಗೆಗಳು ಬಂದವು. ಒಂದನ್ನು ಗಂಡುಹಕ್ಕಿ ಅಟ್ಟಿಸಿಕೊಂಡು ಹೋಯಿತು, ಇನ್ನೊಂದು ಚಿಪ್ಪುಗಳ ನಡುವೆ ಇಳಿದು ನಡೆದಾಡಿ ಹುಡುಕಿತು. "ಸಡಿಲಾಯ್ತು ಜಲಜಾ, ಸಡಿಲಾಗ್ತಾ ಉಂಟು" ಎಂದು ಚಿಕ್ಕಮ್ಮ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಳು. ನಾನು ಕಲ್ಲು ಎತ್ತಿಕೊಂಡಿದ್ದೆ. ಎಸೆದರೆ ಹಕ್ಕಿಯೂ ಹಾರೀತು, ಎಸೆಯದಿದ್ದರೆ ಕಾಗೆಗೆ ಮೊಟ್ಟೆ ಸಿಕ್ಕೀತು.

ಆಗ ಕಡಲಿನಿಂದ ಕಿರುಚಾಟ ಕೇಳಿತು. ತಿರುಗಿ ಹೋಗಿದ್ದವು ಬಂದವು! ಬೇರೆ ಎಲ್ಲೋ ಗೂಡು ಕಳೆದುಕೊಂಡು ಎರಡನೇ ಸಲ ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದವೋ ಏನೋ, ಆರು ಹಕ್ಕಿಗಳು ಗುಂಪಾಗಿ ಆ ಕಾಗೆಯ ಮೇಲೆ ಎರಗಿದವು. ಒಂದು ತಲೆಗೆ ಕುಕ್ಕಿತು, ಒಂದು ಬೆನ್ನಿಗೆ ಹಿಕ್ಕೆ ಹಾಕಿತು, ಉಳಿದವು ಬೈದೇ ಬೈದವು. ಕಾಗೆ ಬದುಕಿದೆಯಾ ಬಡಜೀವವೇ ಎಂದು ತೆಂಗಿನ ತೋಟದ ಕಡೆ ಓಡಿತು. ಇಡೀ ಊರು ಬಾಯಿಗೆ ಬಟ್ಟೆ ತುರುಕಿಕೊಂಡು ಕುಣಿಯಿತು. ಮದುವೆಯಲ್ಲಿ ನೆಂಟರು ಯಾಕೆ ಬೇಕು ಎಂಬುದು ನನಗೆ ಆವತ್ತು ಅರ್ಥವಾಯಿತು.

ಅವು ಹೋಗಲಿಲ್ಲ. ಒಂದು ಜೋಡಿ ಕೋಟಿಯಣ್ಣನ ಪಾಲಿನಲ್ಲೇ ಕುಳಿ ಮಾಡಿತು, ನಾನು ಕಾಲಿನಿಂದ ಕೆದರಿದ ಜಾಗದಲ್ಲಿ. "ನನ್ನ ಚಿಪ್ಪು! ನನ್ನ ಚಿಪ್ಪಿನಲ್ಲೇ ಕೂತದ್ದು!" ಎಂದು ಕೋಟಿಯಣ್ಣ ಪಂಚೆ ಎತ್ತಿಕಟ್ಟಿ ಓಣಿಯುದ್ದಕ್ಕೂ ಪಿಸುಗುಟ್ಟುತ್ತಾ ಓಡಿದ. ಆ ಗೂಡು ನನ್ನ ಸರದಿಯದು. ವಾಮನ ಐಸಿನ ಕೈಯಲ್ಲೇ ಬೂತಾಯಿ ಹಿಡಿದು ಬಂದ, ಈ ವರ್ಷದ್ದು ಆಗಲೇ ಕೊಟ್ಟಾಗಿದೆ ಎಂಬುದೂ ಮರೆತುಹೋಗಿತ್ತು ಅವನಿಗೆ. ನಾನು ಮುಖ ತಿರುಗಿಸುವ ಆಟವನ್ನೂ ಆಡಲಿಲ್ಲ, ಸುಮ್ಮನೆ ತೆಗೆದುಕೊಂಡೆ. ನನ್ನ ಕುತ್ತಿಗೆಗೂ ಈಗ ಹಸಿ ಗಂಟು ಬಿದ್ದಿದೆ, ಅದರ ಕಥೆ ಹಕ್ಕಿಗೆ ಬಿಟ್ಟದ್ದು.

ಚಿಕ್ಕಮ್ಮನ ಗೂಡಿನಲ್ಲಿ ಎರಡು ಮರಿಗಳಾದವು. ಹತ್ತಿಯ ಉಂಡೆಗೆ ಕಾಲು ಬಂದ ಹಾಗೆ ಓಡುವುದು, ನೆರಳು ಕಂಡರೆ ಚಿಪ್ಪಿನ ನಡುವೆ ಚಪ್ಪಟೆಯಾಗಿ ಮಲಗಿ ಮಾಯವಾಗುವುದು. ಒಂದನ್ನು ಹಾವೋ ಏಡಿಯೋ ಒಯ್ದಿತು. ಉಳಿದದ್ದು ಒಂದು. ಮಳೆಗಾಲದ ಮೋಡ ಕಡಲಂಚಿಗೆ ಕಾಣಿಸಿಕೊಂಡ ಬೆಳಿಗ್ಗೆ ಅದು ಗಾಳಿಗೆ ಎದುರಾಗಿ ರೆಕ್ಕೆ ಬಿಚ್ಚಿತು, ಎರಡು ಸಲ ಕುಪ್ಪಳಿಸಿ ಬಿತ್ತು. ಮೂರನೇ ಸಲ ಬೀಳಲಿಲ್ಲ. ಏರಿತು, ಅಡ್ಡಾದಿಡ್ಡಿ ತೂಗಾಡಿತು, ಅಪ್ಪ ಅಮ್ಮ ಎರಡೂ ಬದಿಗೆ ಬಂದವು, ಮೂರೂ ಅಲೆಯ ಮೇಲೆ ಹೋದವು. ಈಗ ಕೂಗಬಹುದೆಂದು ನಾವು ಇಷ್ಟು ದಿನ ನುಂಗಿದ್ದನ್ನೆಲ್ಲ ಒಟ್ಟಿಗೆ ಕೂಗಿದೆವು. ಓಲಗದವರು ಕೆನ್ನೆಯಲ್ಲಿ ಕೂಡಿಟ್ಟಿದ್ದ ಗಾಳಿಯನ್ನೆಲ್ಲ ಊದಿದರು.

ತನ್ನ ಜಗಲಿಯಲ್ಲಿ ನಿಂತಿದ್ದ ಚಿಕ್ಕಮ್ಮ ಮಾತ್ರ ಕೂಗಲಿಲ್ಲ. ನನ್ನ ಕಡೆ ಬೆನ್ನು ಮಾಡಿ, ಜಡೆಯನ್ನು ಮುಂದಕ್ಕೆ ಹಾಕಿಕೊಂಡು, "ಎಳೆ" ಎಂದಳು.

ನಾನು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಬರಲಿಲ್ಲ.

"ಹಾಗಲ್ಲ. ಜೋರಾಗಿ ಎಳೆ ಮಾರಾಯ್ತಿ."

ಜೋರಾಗಿ ಎಳೆದೆ. ಕಲ್ಲಿಗೆ ಕಟ್ಟಿದ ಹಾಗಿತ್ತು. ಅವಳ ಭುಜ ಅಲುಗುತ್ತಿತ್ತು. ಓಣಿಯ ಆಚೆ ಸೋಮ ಮಾಮ ಬಲೆಯನ್ನು ಜಗಲಿಯಿಂದ ಒಳಗೆ ಎತ್ತಿಟ್ಟು, ಇಬ್ಬರು ಕೂರುವಷ್ಟು ಜಾಗ ಮಾಡುತ್ತಿದ್ದ.

"ಇನ್ನೊಂದು ಸಲ" ಎಂದಳು ಚಿಕ್ಕಮ್ಮ.